ಜೋಪಾನವಾದ ಕಾರ್ಡು

—ಇವತ್ತು ಔಷ್ದಿ ಹೊಡ್ದೇ ಹೊಡೀತೀನಿ ಕಣೆ, ಅಡ್ಡ ಬರ್ಬ್ಯಾಡ!

—ಹೊಡಿ, ನೋಡೇಬುಡ್ತೀನಿ! ಬದಿನ ಮ್ಯಾಲೆ ನನ್ ಸೀಕುಂಬಳ ಊ ಬುಟ್ಟೈತೆ. ಜೇನುಳ ಸತ್ತೋದ್ರೆ ಕಾಯಿ ನೀನ್ ಕಚ್ಚುಸ್ತೀಯಾ?

ಕಿರಂಗೂರಿನ ಇಂದ್ರಮ್ಮ ಔಷಧಿ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದಳು. ಗಂಡ ಲಿಂಗಣ್ಣ ಬೆನ್ನಿಗೆ ಖಾಲಿ ಕ್ಯಾನು ಏರಿಸಿಕೊಂಡು ಕುದಿಯುತ್ತಿದ್ದ. ಕೊಲ್ಲುವ ವಿಷಕ್ಕೆ ಔಷಧಿ ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ, ಅವನಿಗೊಂದು ದೊಡ್ಡ ನಮಸ್ಕಾರ!

—ಕಬ್ಬು ನೋಡಿದ್ದೀಯಾ? ಉಳ ಸುಳಿಯೆಲ್ಲಾ ಕೊರ್ದು ಒಣಗಾಕ್ಬುಟ್ಟೈತೆ. ಸುಮ್ಕೆ ಕುಂತ್ಕಳ್ಲಾ?

—ಸ್ನೇಹ ಮೇಡಮ್ಮು ಕೊಟ್ರಲ್ಲ, ಟ್ರೈಕೋ ಕಾರ್ಡು? ಅದ್ರಿಂದ ಸಣ್ ಕಣಜದುಳ ಈಚೆಗ್ ಬಂದು ಕೊರಕನ ಮೊಟ್ಟೆ ಹಾಳ್ಮಾಡ್ತವೆ ಅಂದಿದ್ರಲ್ಲ?

—ಉಳ ಸಾಯ್ಸಕ್ಕೆ ಉಳ ಬುಡೋದಂತೆ! ಹದಿನೈದು ದಿವ್ಸ ಆಯ್ತು, ಒಂದಾದ್ರೂ ಈಚೆಗ್ ಬಂದಿದ್ರೆ ಕೇಳು.

—ಎಲ್ ಕಟ್ಟಿದ್ದೆ?

—ಏನ್ನ?

—ಕಾರ್ಡ್ನ! ಕಬ್ಬಿನ ಯಾವ್ ಸಾಲ್ನಲ್ಲಿ?

—ಸಾಲ್ನಲ್ ಯಾಕೆ? ಬೀರೂನಲ್ಲೈತೆ.



—ಬೀರೂನಲ್ಲಾ!

—ಮತ್ತೆ? ರೇಷನ್ ಕಾರ್ಡು, ಆಧಾರ್ ಕಾರ್ಡು ಗದ್ದೇಲ್ ಇಡ್ತಾರಾ? ನನ್ನೆಸ್ರೈತೆ, ನಂಬರೈತೆ, ಸೀಲೈತೆ. ನಾಳೆ ಯಾವ್ದುಕ್ ಕೇಳ್ತರೋ ಏನೋ!

ಲಿಂಗಣ್ಣ ಒಳಗೆ ಹೋಗಿ ಕಾರ್ಡು ತಂದು ಹೆಮ್ಮೆಯಿಂದ ಹಿಡಿದ. ಅದು ಫಳಫಳ ಹೊಳೆಯುತ್ತಿತ್ತು. ಶ್ರೀರಂಗಪಟ್ಟಣದ ತಾಲ್ಲೂಕು ಆಫೀಸಿನ ಮುಂದೆ ಕ್ಯೂ ನಿಂತು ಲ್ಯಾಮಿನೇಷನ್ ಮಾಡಿಸಿದ್ದ.

—ಅಯ್ಯೋ ನನ್ ಶಿವ್ನೇ! ಬಿಸಿ ಮಿಷನ್ಗೆ ಕೊಟ್ಯಾ?

—ಎರಡ್ಸಲ ಕೊಟ್ಟೆ. ಮೊದ್ಲು ಸಲ ಒಳ್ಗೆ ಗಾಳಿ ಉಳ್ಕಂಡಿತ್ತು.

ಅಷ್ಟರಲ್ಲಿ ಸಂಶೋಧನಾ ಕೇಂದ್ರದ ಸ್ನೇಹ ಪ್ರಯೋಗದ ತಾಕು ನೋಡಲು ಸ್ಕೂಟರಿನಲ್ಲಿ ಬಂದಿಳಿದಳು. ಇಂದ್ರಮ್ಮನಿಗೆ ನಾಚಿಕೆಯಿಂದ ಭೂಮಿಯೊಳಗೆ ಇಳಿದುಹೋದರೆ ಸಾಕು ಅನ್ನಿಸಿತು. ಸ್ನೇಹ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು.

—ಲಿಂಗಣ್ಣ, ಇದರಲ್ಲಿ ಇಪ್ಪತ್ತು ಸಾವಿರ ಕಣಜದ ಮೊಟ್ಟೆ ಇತ್ತಲ್ರೀ!

—ಎಲ್ಲಾ ಒಳ್ಗೇ ಅವೆ ಮೇಡಂ. ಒಂದೂ ಆಚೀಚೆ ಆಗಿಲ್ಲ, ಬೇಕಾರೆ ಎಣುಸ್ಕಳಿ.

—ಜೊತೇಲಿ ಚೀಟಿ ಕೊಟ್ಟಿದ್ವಲ್ಲ, ಓದ್ಲಿಲ್ವಾ?

—ಓದೇ ಮಾಡ್ಸಿದ್ದು!

ಅವನು ಜೇಬಿನಿಂದ ಚೀಟಿ ತೆಗೆದು ಗಟ್ಟಿಯಾಗಿ ಓದಿದ: 'ಕಾರ್ಡಿಗೆ ನೀರು, ಧೂಳು ತಾಗದಂತೆ ಜೋಪಾನವಾಗಿಡಿ.' ಕಬ್ಬಿನ ಎಲೆಗೆ ಕಟ್ಟಿ ಎನ್ನುವ ಎರಡನೆಯ ಸಾಲು ಪುಟದ ಹಿಂದಿತ್ತು. ಹಿಂದೆ ತಿರುಗಿಸಲು ಯಾರೂ ಹೇಳಿರಲಿಲ್ಲ.

ಸ್ನೇಹಳ ಮುಖ ಕೆಂಪಾಯಿತು.

—ಚೀಟಿ ಬರೆದವಳು ನಾನೇ... ಈ ಊರಲ್ಲಿ ನೀವು ಏಳನೆಯವರು. ಸೋಮಯ್ಯನವರ ಕಾರ್ಡು ದೇವರ ಮನೇಲಿ ಸಿಕ್ತು, ಕುಂಕುಮ ಇಟ್ಟಿದ್ರು.

ಬ್ಯಾಗಿನಿಂದ ಹೊಸ ಕಾರ್ಡು ತೆಗೆದಳು.

—ಇವತ್ತು ಸಂಜೆಯೊಳಗೆ ಕಬ್ಬಿನ ಎಲೆ ಕೆಳಗೆ ಪಿನ್ ಹೊಡೀರಿ. ಔಷಧಿ ಮಾತ್ರ ಬೇಡ. ಹೊಡೆದ್ರೆ ಇವೂ ಸಾಯ್ತವೆ, ಜೇನೂ ಸಾಯುತ್ತೆ.

ಲಿಂಗಣ್ಣ ಹೆಂಡತಿಯ ಮುಖ ನೋಡಿದ, ಕಾರ್ಡು ನೋಡಿದ, ಕೊನೆಗೆ ಬೆನ್ನಿನ ಕ್ಯಾನು ಇಳಿಸಿ ಮೂಲೆಗಿಟ್ಟ. ಇಂದ್ರಮ್ಮನಿಗೆ ಹೋದ ಜೀವ ಬಂದಂತಾಯಿತು. ಪರವಾಗಿಲ್ಲ, ನಮ್ಮೋರಿಗೂ ಬುದ್ಧಿ ಬಂತು ಅಂದುಕೊಂಡು ಸ್ನೇಹಳಿಗೆ ಕಾಫಿ ತರಲು ಒಳಗೆ ಹೋದಳು.

ಲಿಂಗಣ್ಣ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಸ್ನೇಹಳ ಕಡೆ ಬಗ್ಗಿ, ಮೆಲ್ಲಗೆ ಕೇಳಿದ:

—ಮೇಡಂ, ಪಿನ್ ಹೊಡ್ಯಕ್ ಮುಂಚೆ ಒಂದ್ ಜೆರಾಕ್ಸ್ ತಗ್ಸಿ ಇಟ್ಕಂಬುಡ್ಲಾ?