ದೇವರ ಮನೆಗೆ ಬಂದ ಗೋರಿ

ಪಿರಮಿಡ್ಡು ಅಂದರೆ ಗೋರಿ ಎಂದು ನನಗೆ ಮೊದಲು ಹೇಳಿದವರು ಬೆಸಗರಹಳ್ಳಿ ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದ ನಮ್ಮ ಮೇಷ್ಟ್ರು. ಬೋರ್ಡಿನ ಮೇಲೆ ಮೂರು ಗೆರೆ ಎಳೆದು, "ಇದು ಈಜಿಪ್ಟಿನ ರಾಜರ ಗೋರಿ ಕಣ್ರಲಾ. ಹೆಣದ ಕರುಳು ತೆಗೆದು, ಉಪ್ಪಲ್ಲಿ ಒಣಗಿಸಿ, ಬಟ್ಟೆ ಸುತ್ತಿ ಇದರೊಳಗೆ ಇಡೋರು. ಸತ್ತವನಿಗೆ ಮುಂದಕ್ಕೆ ಬೇಕಾಯ್ತದೆ ಅಂತ ಅವನ ರೊಟ್ಟಿ, ಮೆಟ್ಟು, ಕೋಲು ಎಲ್ಲಾನೂ ಪಕ್ಕದಲ್ಲೇ ಮಡಗೋರು" ಎಂದಿದ್ದರು. ಅವರು ಕಲಿಸಿದ್ದರಲ್ಲಿ ನನಗೆ ಉಳಿದದ್ದು ಇಷ್ಟೇ. ಇದನ್ನೂ ಮರೆತಿದ್ದರೆ ನೆಮ್ಮದಿಯಾಗಿರುತ್ತಿದ್ದೆ. ನೆನಪಿದ್ದ ತಪ್ಪಿಗೆ ನಮ್ಮ ಮನೆಯಲ್ಲಿ ಒಂದರ ಹಿಂದೆ ಒಂದು ಎಡವಟ್ಟು ನಡೆಯುತ್ತಲೇ ಹೋಯಿತು, ನನ್ನ ಕೋಪವೂ ಏರುತ್ತಲೇ ಹೋಯಿತು.

೧. ಹೆಪ್ಪು

ಮಳವಳ್ಳಿಯಿಂದ ನನ್ನ ಭಾವಮೈದುನ ಬಂದ. ಗುತ್ತಲಿನ ನಮ್ಮ ಮನೆಗೆ ಅವನು ಬರಿಗೈಲಿ ಬರುವವನಲ್ಲ. ಬರಿಗೈಲಿ ಬಂದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಸ್ನಾನ ಮುಗಿಸಿ ದೇವರ ಮನೆಗೆ ಹೋಗುವ ಹೊತ್ತಿಗೆ ಅಲ್ಲಿ, ನಮ್ಮವ್ವ ಹಚ್ಚುತ್ತಿದ್ದ ದೀಪದ ಪಕ್ಕದಲ್ಲಿ, ತೆಂಗಿನಕಾಯಿ ಗಾತ್ರದ ತಾಮ್ರದ ಪಿರಮಿಡ್ಡು ಕೂತಿತ್ತು.

"ಲೇ, ಗೋರಿ ತಂದು ದೇವರ ಮುಂದೆ ಇಟ್ಟಿದ್ದೀಯಲ್ಲೋ" ಎಂದೆ.

"ಗೋರಿ ಅಲ್ಲ ಕಣ್ ಭಾವ, ವಾಸ್ತು. ಇದರ ಪಕ್ಕ ಮಡಗಿದ ಹಾಲು ವಾರ ಆದ್ರೂ ಕೆಡಾಕಿಲ್ಲ" ಎಂದ.

ನಮ್ಮನೆಯವಳಿಗೆ ತಮ್ಮನ ಮಾತು ವೇದ. ಅವತ್ತು ರಾತ್ರಿ ಹಾಲಿಗೆ ಹೆಪ್ಪು ಹಾಕಿ ಪಾತ್ರೆಯನ್ನು ಅಲ್ಲೇ ಇಟ್ಟಳು. ಮಾರನೆಯ ದಿನ ಊಟಕ್ಕೆ ಕೂತು ಮೊಸರು ಕೇಳಿದೆ. ಹಾಲು ಹಾಲಾಗಿಯೇ ಇತ್ತು. ನನಗೆ ರೇಗಿತು. ಅವಳು ಮಾತ್ರ ಪಾತ್ರೆಯನ್ನು ನನ್ನ ಮುಂದೆ ಬಗ್ಗಿಸಿ ತೋರಿಸಿ, "ಕೆಡಲ್ಲ ಅಂತ ಅವನು ಮೊದಲೇ ಹೇಳಿರಲಿಲ್ವಾ?" ಎಂದಳು.

೨. ಸೂತಕ

ಗೋರಿ ಇರುವ ಕಡೆ ದೀಪ ಹಚ್ಚುವುದಿಲ್ಲ ಎಂದು ನಾನು ದೀಪವನ್ನು ಜಗಲಿಗೆ ತಂದಿಟ್ಟೆ. ಬೀದಿ ಗಾಳಿಗೆ ಅದು ಆರುವುದು, ನಾನು ಹಚ್ಚುವುದು, ಮತ್ತೆ ಆರುವುದು. ನಮ್ಮವ್ವ ಇದ್ದಷ್ಟು ಕಾಲ ಆ ದೀಪ ಹೀಗೆ ಬೀದಿಗೆ ಬಿದ್ದಿರಲಿಲ್ಲ. ಇದಕ್ಕೆ ಶಾಸ್ತ್ರದಲ್ಲೇ ಒಂದು ದಾರಿ ಇರಬೇಕು ಎಂದು ನಮ್ಮ ಬೀದಿಯ ಗುಡಿಯ ಅರ್ಚಕರ ಹತ್ತಿರ ಹೋಗಿ, ಮನೆಗೆ ಸೂತಕ ತಗುಲಿದೆ, ಶುದ್ಧಿ ಮಾಡಿಸಬೇಕು, ಆ ವಸ್ತುವನ್ನು ಹೊರಗೆ ಹಾಕಿ ಎಂದು ನೀವೇ ಒಂದು ಮಾತು ಹೇಳಬೇಕು ಎಂದೆ.

ಯಾರು ಹೋದರು ಎಂದು ಕೇಳಿದರು. ಈಜಿಪ್ಟಿನ ರಾಜ ಎಂದೆ. ನಿಮಗೆ ಏನಾಗಬೇಕು ಎಂದರು. ಏನೂ ಆಗಬೇಕಾಗಿಲ್ಲ ಎಂದೆ. ಹೋಗಿ ಎಷ್ಟು ದಿನವಾಯಿತು ಎಂದರು.

"ನಾಲ್ಕು ಸಾವಿರ ವರ್ಷದ ಮೇಲಾಯಿತು ಸ್ವಾಮಿ."

ಅವರು ಕಣ್ಣು ಮುಚ್ಚಿ ಬೆರಳು ಎಣಿಸಿದರು. ಆಮೇಲೆ ಸಮಾಧಾನವಾಗಿ, "ಹಾಗಾದರೆ ಹನ್ನೊಂದನೇ ದಿನದ ಕಾರ್ಯ ಕಳೆದಿರುತ್ತೆ ಬಿಡಿ" ಎಂದರು.

೩. ರಾಜನ ಸಾಮಾನು

ಒಂದು ಬೆಳಿಗ್ಗೆ ನನ್ನ ಕನ್ನಡಕ ಕಾಣಲಿಲ್ಲ. ಕೋಲೂ ಕಾಣಲಿಲ್ಲ. ಹೊಸ ಚಪ್ಪಲಿಯ ಜೊತೆಯೂ ಇಲ್ಲ. ಹುಡುಕಿ ಹುಡುಕಿ ಕೊನೆಗೆ ದೇವರ ಮನೆ ಬಾಗಿಲು ತೆಗೆದೆ. ಪಿರಮಿಡ್ಡಿನ ಸುತ್ತ ಕನ್ನಡಕ, ಕೋಲು, ನನ್ನ ಮಾತ್ರೆ, ಎಲೆ ಅಡಿಕೆ ಚೀಲ, ಪೇಪರಿನ ಮೇಲೆ ಚಪ್ಪಲಿ, ತಟ್ಟೆಯಲ್ಲಿ ಎರಡು ಅಕ್ಕಿ ರೊಟ್ಟಿ. ಮೇಷ್ಟ್ರು ಹೇಳಿದ್ದು ಒಂದೂ ಬಿಟ್ಟುಹೋಗಿರಲಿಲ್ಲ.

ದೇವರ ಮನೆಯೊಳಕ್ಕೆ ಮೆಟ್ಟು ತಂದಿದ್ದೀಯಲ್ಲ, ನಾನಿನ್ನೂ ಬದುಕಿದ್ದೀನಿ ಅನ್ನೋದು ಗೊತ್ತಾ ನಿನಗೆ ಎಂದು ನಮ್ಮನೆಯವಳ ಮೇಲೆ ಹಾರಿಬಿದ್ದೆ. ಇದರ ಶಕ್ತಿ ಸಾಮಾನಿಗೆ ಹತ್ತಲಿ ಎಂದು ತಮ್ಮ ಹೇಳಿದ್ದನಂತೆ, ಚಪ್ಪಲಿ ಇನ್ನೂ ಮೆಟ್ಟಿಲ್ಲವಲ್ಲ ಎಂದು ಇಟ್ಟಳಂತೆ.

"ಸತ್ತ ರಾಜನಿಗೆ ಇಡೋದನ್ನೆಲ್ಲ ಇಟ್ಟಿದ್ದೀಯ. ಇನ್ನು ರಾಜನೊಬ್ಬ ಬಾಕಿ" ಎಂದೆ.

ಅವಳು ರೊಟ್ಟಿ ತಟ್ಟೆ ಎತ್ತಿಕೊಳ್ಳುತ್ತಾ, "ನೀವಿದ್ದೀರಲ್ಲ, ಕೂತ್ಕೊಳ್ಳಿ" ಎಂದಳು.

೪. ಗುಣ

ಅವತ್ತು ಕೇಳಿಯೇಬಿಟ್ಟೆ. ಎಲ್ಲವೂ ನನ್ನ ಸಾಮಾನೇ ಯಾಕೆ? ನಿನ್ನದೊಂದು ಬಳೆಯನ್ನಾದರೂ ಇಡಬಾರದಿತ್ತೇ? ಅವಳು ಸೆರಗು ತಿರುವುತ್ತಾ ಬಾಯಿಬಿಟ್ಟಳು.

"ಅದನ್ನ ತರಿಸಿದ್ದೇ ನಾನು. ನಿಮ್ಮ ಕೋಪ ಇಳೀಲಿ ಅಂತ. ಇಳಿದ ದಿನ ತೆಗೀತೀನಿ."

ಯೋಚನೆ ಮಾಡಿ ನೋಡಿ. ನನ್ನ ಈಗಿನ ಕೋಪಕ್ಕೆ ಕಾರಣವೇ ಆ ಗೋರಿ. ಕೋಪ ಇಳಿಯದೆ ಗೋರಿ ಹೋಗುವುದಿಲ್ಲ, ಗೋರಿ ಹೋಗದೆ ಕೋಪ ಇಳಿಯುವುದಿಲ್ಲ. ಜಗಲಿಯ ಮೇಲೆ ದೀಪ ಅವತ್ತೂ ಆರಿತ್ತು. ಆ ದೀಪದ ಮುಖ ನೋಡಿ ಬಾಯಿಗೆ ಬೀಗ ಹಾಕಿಕೊಂಡೆ. ಸಾರಿಗೆ ಉಪ್ಪಿಲ್ಲದಿದ್ದರೂ ನಕ್ಕೆ. ಕರೆಂಟು ಹೋದರೂ ನಕ್ಕೆ. ಭಾವಮೈದುನ ಮತ್ತೆ ಬಂದು, "ಏನ್ ಭಾವ, ಮೊಕದಲ್ಲಿ ಕಳೆ ಬಂದದೆ" ಎಂದಾಗಲೂ ಹಲ್ಲು ಕಚ್ಚಿಕೊಂಡು ನಕ್ಕೆ. ಹೀಗೇ ಒಂದು ತಿಂಗಳು ಕಳೆದ ಮೇಲೆ ಮೆಲ್ಲಗೆ, ಈಗ ಅದನ್ನು ತೆಗೆಯೋಣವೇ ಎಂದು ಕೇಳಿದೆ.

"ತೆಗೆಯೋದಾ? ಇಷ್ಟು ಗುಣ ಕೊಟ್ಟಿರೋದನ್ನ?" ಎಂದಳು.

ಕೂಗಿದರೆ ಗುಣವಾಗಿಲ್ಲ ಎಂದು ಅದು ಉಳಿಯುತ್ತದೆ. ಸುಮ್ಮನಿದ್ದರೆ ಗುಣವಾಯಿತು ಎಂದು ಉಳಿಯುತ್ತದೆ. ನಾನು ಜಗಲಿಗೆ ಹೋಗಿ ಆರಿದ ದೀಪದ ಪಕ್ಕ ಕೂತುಬಿಟ್ಟೆ.

ಆಗ ಎದುರುಮನೆಯಾಕೆ ಗೇಟಿನ ಹತ್ತಿರ ಬಂದು ನಮ್ಮನೆಯವಳನ್ನು ಕರೆದಳು. "ಅಕ್ಕ, ನಿಮ್ಮೆಜಮಾನ್ರ ಗಂಟಲೇ ಕೇಳ್ತಿಲ್ವಲ್ಲ ಈಚೆಗೆ. ಅದೇನೋ ತಾಮ್ರದ್ದಂತೆ, ನಮ್ಮನೆಗೂ ಒಂದು ನಾಕು ದಿನ ಕೊಡಕ್ಕ. ನಮ್ಮೋರೂ ಬರೀ ಉರಿದ್ಬೀಳ್ತಾರೆ" ಎಂದಳು.

ನಮ್ಮನೆಯವಳು ಬಾಯಿ ತೆಗೆಯುವ ಮೊದಲೇ ನಾನು ಒಳಗೆ ಓಡಿ, ಗೋರಿಯನ್ನು ಪಂಚೆಯಲ್ಲಿ ಒರೆಸಿ, ಎರಡು ಕೈಯಲ್ಲೂ ಎತ್ತಿ ತಂದು ಅವಳಿಗೆ ಕೊಟ್ಟೆ. ಅವತ್ತು ಸಂಜೆ ನಮ್ಮವ್ವನ ದೀಪ ತನ್ನ ಜಾಗದಲ್ಲಿ ಅಲುಗಾಡದೆ ಉರಿಯಿತು.

ಆ ಗೋರಿ ಎದುರುಮನೆಯಿಂದ ಅವರ ನಾದಿನಿಯ ಮನೆಗೆ, ಅಲ್ಲಿಂದ ಮದ್ದೂರಿಗೆ ಹೋಗಿದೆ ಎಂದು ಕೇಳಿದ್ದೇನೆ. ಓದಿದವರಲ್ಲಿ ನನ್ನದೊಂದು ಬೇಡಿಕೆ. ಈ ಕಥೆಯನ್ನು ನಾಲ್ಕು ಜನಕ್ಕೆ ಹೇಳಿ, ಅವರೂ ನಾಲ್ಕು ಜನಕ್ಕೆ ಹೇಳಲಿ. ಸಿಡುಕುವ ಗಂಡಸರು ಎಲ್ಲ ಊರಲ್ಲೂ ಇದ್ದಾರೆ. ಗೋರಿ ಬೇಕು ಎಂದು ಕೇಳುವವರು ಇರುವಷ್ಟು ದಿನ ಅದು ವಾಪಸು ಬರುವುದಿಲ್ಲ. ಹೇಳುವಾಗ ಮಾತ್ರ, ಇದನ್ನು ನಾನು ನಗುನಗುತ್ತಾ ಬರೆದೆ ಎಂದೇ ಹೇಳಿ. ಕೋಪದಲ್ಲಿ ಬರೆದೆ ಎಂದು ನಮ್ಮನೆಯವಳ ಕಿವಿಗೆ ಬಿದ್ದರೆ, ಮದ್ದೂರು ಇಲ್ಲಿಗೆ ದೂರವೇನಲ್ಲ.