ಆಕ್ಸಲಿನ ಎರಡನೆಯ ಕೊಂಬು

ತಪ್ಪು ಹುಡುಕುವವರಿಗೆ ನಿವೃತ್ತಿ ಎಂಬುದಿಲ್ಲ. ಪುಣೆ ಪಕ್ಕದ ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವನು ನಾನು. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ. ಬೇರೆಯವರು ಮಾಡಿದ ಗಿಯರನ್ನು ಅಳೆದು ನೋಡಿ ‘ಇದು ನಡೆಯುವುದಿಲ್ಲ’ ಎನ್ನುವ ಇನ್‌ಸ್ಪೆಕ್ಟರ್. ಆ ಮಾತು ನಾಲಿಗೆಗೆ ಎಷ್ಟು ರೂಢಿಯಾಗಿತ್ತೆಂದರೆ, ಮನೆಯಲ್ಲಿ ಕೂತ ಮೇಲೆ ಅದು ರೊಟ್ಟಿಯ ದುಂಡಿಗೂ ಪಕ್ಕದ ಮನೆಯವರ ರಂಗೋಲಿಯ ಗೆರೆಗೂ ಹತ್ತಿಕೊಂಡಿತು. ಒಂದು ದಿನ ನನ್ನ ಹೆಂಡತಿ ಶಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹಿಟ್ಟಿನ ಮುದ್ದೆಯನ್ನು ನನ್ನ ಮುಂದಿಟ್ಟು, ನೀವೇ ಬಡೀರಿ ಎಂದಳು. ನಾನು ಬಡಿದದ್ದು ದುಂಡಗೂ ಆಗಲಿಲ್ಲ, ಚೌಕವೂ ಆಗಲಿಲ್ಲ. ಆದರೂ ಅದನ್ನು ನಾನೇ ಪಾಸು ಮಾಡಿ ತಿಂದೆ.

ನಿವೃತ್ತನಾದಾಗ ನಾನೂ ಶಾಂತಾಳ ತಮ್ಮ ಶರಣಪ್ಪನೂ ಸೇರಿ ಒಂದು ಹಳೆಯ ಆರು ಚಕ್ರದ ಲಾರಿ ಕೊಂಡಿದ್ದೆವು. ಓಡಿಸುವುದು ಅವನ ಕೆಲಸ, ಸಲಹೆ ಕೊಡುವುದು ನನ್ನದು. ಸಾಸವಡದಿಂದ ತರಕಾರಿ ತುಂಬಿಕೊಂಡು ದಿವೇ ಘಾಟ ಇಳಿದು ಪುಣೆಗೆ ಬರುವುದು ಅದರ ದಿನದ ದಾರಿ. ವರ್ಷಕ್ಕೊಮ್ಮೆ ಮಾತ್ರ ಅದಕ್ಕೆ ದೇವರ ಕೆಲಸ. ಆಷಾಢದಲ್ಲಿ ಸಂತರ ಪಾದುಕೆ ಹೊತ್ತ ಪಾಲಖಿಯ ಜೊತೆ ನಡೆದು ಪಂಢರಪುರಕ್ಕೆ ಹೋಗುವ ಒಂದು ದಿಂಡಿಯವರ, ಅಂದರೆ ಭಜನೆಯ ತಂಡದವರ, ಹಾಸಿಗೆ, ಹಂಡೆ, ಅಕ್ಕಿ ಮೂಟೆಗಳನ್ನು ಹೊತ್ತು ಅವರಿಗಿಂತ ಮುಂದೆ ಹೋಗಿ ನಿಲ್ಲುವುದು. ಸಾವಿರಾರು ಜನ ನಡೆಯುವ ರಸ್ತೆಯಲ್ಲಿ ನಮ್ಮ ಲಾರಿ ತುಳಸಿ ಮಾಲೆ ಹಾಕಿಕೊಂಡು ನಿಧಾನವಾಗಿ ಸಾಗುವುದನ್ನು ನೋಡಿದರೆ ನನಗೆ ಮಗಳನ್ನು ಒಳ್ಳೆಯ ಮನೆಗೆ ಕೊಟ್ಟಷ್ಟು ಸಂತೋಷವಾಗುತ್ತಿತ್ತು.

ಆ ಸಂತೋಷಕ್ಕೆ ಈ ವರ್ಷ ಎಣ್ಣೆ ಬಿತ್ತು. ಯುಗಾದಿ ಕಳೆದ ಸ್ವಲ್ಪ ದಿನಕ್ಕೆ ಹಿಂದಿನ ಎರಡೂ ಕಡೆಯ ಚಕ್ರಗಳ ಒಳಮೈ ಒದ್ದೆಯಾಗಿ ಹೊಳೆಯತೊಡಗಿತು. ಆಕ್ಸಲಿನೊಳಗಿನ ಎಣ್ಣೆ ಚಕ್ರದ ಕಡೆಗೆ ಹೊರಬಾರದಂತೆ ತಡೆಯಲು ಚಕ್ರದ ನಡುವಿನ ಹಬ್ಬಿನಲ್ಲಿ ಸಣ್ಣ ತಟ್ಟೆಯಗಲದ ಒಂದು ರಬ್ಬರ್ ಬಳೆ ಇರುತ್ತದೆ, ಅದೇ ಸೀಲು. ಅದು ಸೋರಿದರೆ ಎಣ್ಣೆ ನೆಟ್ಟಗೆ ಬ್ರೇಕ್ ಲೈನರಿಗೆ ಹೋಗುತ್ತದೆ. ಎಣ್ಣೆ ಕುಡಿದ ಲೈನರು ಬ್ರೇಕ್ ಹಿಡಿಯುವುದಿಲ್ಲ, ಜಾರುತ್ತದೆ. ಶರಣಪ್ಪ ಇದನ್ನು ನನಗೆ ತನ್ನದೇ ರೀತಿಯಲ್ಲಿ ಹೇಳಿದ.

“ಮಾಮಾ, ಬ್ರೇಕ್ ಒತ್ತಿದ್ರ ಗಾಡಿ ಕೂಡ್ಲೇ ನಿಲ್ಲಂಗಿಲ್ರಿ. ವಿಚಾರ ಮಾಡಿ ನಿಲ್ತದ.”

ನಮ್ಮ ಮೆಕ್ಯಾನಿಕ್ ಖಾಜಾಸಾಬ್, ಆಳಂದ ಕಡೆಯವನು. ಚಿಂಚವಾಡದಲ್ಲಿ ಅವನದೊಂದು ತಗಡಿನ ಗ್ಯಾರೇಜು. ಮಾತು ಕಡಿಮೆ, ಕೈ ಮುಂದು. ಎರಡೂ ಕಡೆ ಹೊಸ ಸೀಲು ಹಾಕಿಕೊಟ್ಟ. ವಾರದಲ್ಲಿ ಮತ್ತೆ ಒದ್ದೆ. ನಾನು ಹೋಗಿ, ಸುತ್ತಿಗೆಯಿಂದ ಸೊಟ್ಟಗೆ ಬಡಿದು ಕೂರಿಸಿದರೆ ಇನ್ನೇನಾಗುತ್ತದೆ ಎಂದು ಅವನಿಗೆ ಅರ್ಧ ಗಂಟೆ ಪಾಠ ಹೇಳಿದೆ. ಅವನು ಚಹಾ ತರಿಸಿದ, ಅಷ್ಟೆ. ಎರಡನೆಯ ಸಲ ಸೀಲುಗಳನ್ನು ಬೇರೆ ಅಂಗಡಿಯಿಂದ ನಾನೇ ಆರಿಸಿ ತಂದೆ. ಗ್ಯಾರೇಜಿನಲ್ಲಿ ಸ್ಟೂಲು ಹಾಕಿಸಿಕೊಂಡು, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಹಬ್ಬು ಬಿಚ್ಚಿದ್ದರಿಂದ ಹಿಡಿದು ಕೊನೆಯ ನಟ್ಟು ಬಿಗಿದವರೆಗೆ ಕಾವಲು ಕೂತೆ. ಸೀಲು ಕೂರುವ ಜಾಗವನ್ನು ಅಳೆದೆ, ಸವೆದಿರಲಿಲ್ಲ. ಬೇರಿಂಗ್ ಅಲುಗಾಡಿಸಿ ನೋಡಿದೆ; ಸರಿಯಾಗಿತ್ತು. ಇಷ್ಟೆಲ್ಲ ಆಗಿ ಗಾಡಿ ಎರಡೇ ದಿನಕ್ಕೆ ಒದ್ದೆ ಚಕ್ರದೊಂದಿಗೆ ಬಂದು ಮನೆಯ ಮುಂದೆ ನಿಂತಿತು.

ಈಗ ಮೆಕ್ಯಾನಿಕನನ್ನು ಬೈಯುವ ಹಾಗಿರಲಿಲ್ಲ, ಕಾವಲಿಗೆ ನಾನೇ ಕೂತಿದ್ದೆನಲ್ಲ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುವಂತೆ ನಾನು ಶರಣಪ್ಪನನ್ನು ಹಿಡಿದೆ. ನೀನು ಗಾಡಿಯನ್ನು ಹೊಡೆಯುವ ರೀತಿಯೇ ಸರಿಯಿಲ್ಲ, ಘಾಟಿನಲ್ಲಿ ಬ್ರೇಕಿನ ಮೇಲೆಯೇ ನಿಂತುಬಿಡುತ್ತೀಯ, ಡ್ರಮ್ಮು ಕಾಯುತ್ತದೆ, ಸೀಲು ಬೇಯುತ್ತದೆ ಎಂದೆ. ಇಪ್ಪತ್ತು ವರ್ಷ ಒಂದು ಸೈಕಲ್ಲಿಗೂ ತಾಗಿಸದೆ ಓಡಿಸಿದ ಮನುಷ್ಯ. ಅವತ್ತಿನಿಂದ ನಮ್ಮ ಮನೆಗೆ ಊಟಕ್ಕೆ ಬರುವುದನ್ನು ಬಿಟ್ಟ. ಶಾಂತಾ ಮೂರನೆಯ ದಿನ ಸಾರು ಬಡಿಸುತ್ತ ಹೇಳಿದಳು:

“ನನ್ನ ತಮ್ಮ ಘಾಟ ಇಳಿಯೂದು ಬ್ರೇಕಿನ ಮ್ಯಾಲರಿ. ನಿಮ್ಮ ಭಾಷಣದ ಮ್ಯಾಲ ಅಲ್ಲ.”

ನಿಜಕ್ಕೂ ನನಗೆ ಆಗಲೇ ಹೆದರಿಕೆ ಹುಟ್ಟಿದ್ದು. ಗಾಡಿ ಓಡಿಸುವುದು ನಿಲ್ಲಿಸು ಎಂದು ಶರಣಪ್ಪನಿಗೆ ಅವತ್ತೇ ಫೋನು ಮಾಡಿ ಹೇಳಿದೆ. ಅದೇ ವಾರ ದಿಂಡಿಯ ಮುಖ್ಯಸ್ಥರಾದ ಬುವಾ ಕೂಡ ಹೇಳಿ ಕಳಿಸಿದರು: ಪಾಲಖಿ ಹತ್ತಿರ ಬಂತು, ಜನರ ನಡುವೆ ಬ್ರೇಕಿಲ್ಲದ ಗಾಡಿ ನಡೆಯದು, ಸರಿಯಾಗದಿದ್ದರೆ ಬೇರೆ ಲಾರಿ ನೋಡುತ್ತೇವೆ, ಸರಿಯಾದರೆ ನಾನೇ ಸಾಸವಡದಿಂದ ಅದರಲ್ಲಿ ಕೂತು ಬಂದು ನೋಡುತ್ತೇನೆ. ಮೂವತ್ತು ವರ್ಷ ನಾನು ಇತರರಿಗೆ ಹೇಳಿದ ‘ನಡೆಯುವುದಿಲ್ಲ’ ಮೊದಲ ಸಲ ನನಗೇ ಬಂತು. ಕೇಳುವುದಕ್ಕೆ ಅಷ್ಟೇನೂ ಹಿತವಾದ ಮಾತಲ್ಲ ಅದು.

ಮರುದಿನ ಬೆಳಿಗ್ಗೆ ನಿಂತ ಲಾರಿಯ ಹಿಂದಿನ ಚಕ್ರಗಳ ಕೆಳಗೆ ಎರಡೂ ಕಡೆ ಹಳೆಯ ಪೇಪರು ಹಾಸಿದೆ. ಸಂಜೆ ತೆಗೆದು ನೋಡಿದರೆ ಎರಡರ ಮೇಲೂ ಎಣ್ಣೆಯ ಕಲೆ. ಸ್ಕೇಲಿಟ್ಟು ಅಳೆದೆ. ಎಡಗಡೆಯದೂ ಬಲಗಡೆಯದೂ ಹೆಚ್ಚುಕಡಿಮೆ ಒಂದೇ ಅಳತೆ. ನನ್ನ ತಲೆಯಲ್ಲಿ ಹಳೆಯ ಕಾರ್ಖಾನೆಯ ದೀಪ ಹತ್ತಿತು. ಎರಡು ಸಾಮಾನು ಬೇರೆ ಬೇರೆಯಾಗಿ ಕೆಟ್ಟರೆ ಬೇರೆ ಬೇರೆ ಅಳತೆಯಲ್ಲಿ ಕೆಡುತ್ತವೆ. ಒಂದೇ ಸಲ, ಒಂದೇ ಸಮ ಕೆಟ್ಟರೆ ರೋಗ ಅವುಗಳದ್ದಲ್ಲ, ನಡುವೆ ಬೇರೆಲ್ಲೋ ಇರುತ್ತದೆ. ಪೇಪರುಗಳನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು, ಬೆಳಗಾಗುತ್ತಲೇ ಶರಣಪ್ಪನಿಂದ ಲಾರಿಯನ್ನು ಮೆಲ್ಲಗೆ ಗ್ಯಾರೇಜಿಗೆ ಹೊಡೆಸಿಕೊಂಡು ಹೋದೆ. ಪೇಪರು ಬಿಚ್ಚಿ ನನ್ನ ಲೆಕ್ಕ ಹೇಳಿದೆ. ಖಾಜಾಸಾಬ್ ಕಲೆಗಳನ್ನು ನೋಡಿದ, ನನ್ನನ್ನು ನೋಡಿದ. ನಾನು ಮೊದಲ ಸಲ ಉಪಯೋಗದ ಮಾತಾಡಿದೆ ಎಂಬ ಗೌರವ ಆ ನೋಟದಲ್ಲಿತ್ತು. ಇನ್ನೂ ಬಿಸಿಯಿದ್ದ ಆಕ್ಸಲಿನ ಕೆಳಗೆ ನುಸುಳಿ, ಎಣ್ಣೆ ತುಂಬುವ ಪ್ಲಗ್ಗನ್ನು ಸ್ವಲ್ಪ ಸಡಿಲಿಸಿದ. ಒಳಗಿಂದ ಸುಂಯ್ ಎಂದು ಗಾಳಿ ಹೊರಟಿತು.

ಆಕ್ಸಲಿಗೂ ಉಸಿರಾಟವಿದೆ ಎಂಬುದನ್ನು ಅವನು ಆಗ ನನಗೆ ವಿವರಿಸಿದ. ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಅದು ಹೊರಹೋಗಲು ಆಕ್ಸಲಿನ ಮೇಲೆ ತೂತಿರುವ ಒಂದು ಸಣ್ಣ ಟೊಪ್ಪಿಗೆ ಇರುತ್ತದೆ. ಅದು ಕಟ್ಟಿಕೊಂಡರೆ ಗಾಳಿ ಎಣ್ಣೆಯನ್ನು ಎರಡೂ ಬದಿಯ ಸೀಲುಗಳಿಂದ ಹೊರಗೆ ನೂಕುತ್ತದೆ. ಚಿನ್ನದ ಸೀಲು ಹಾಕಿದರೂ ಸೋರುವುದೇ. ಹಾಗಾದರೆ ಆ ಟೊಪ್ಪಿಗೆ ಎಲ್ಲಿದೆ ನೋಡು ಎಂದೆ, ವಿಜಯದ ದನಿಯಲ್ಲಿ. ಅವನು ಲಾರಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿ ಹೇಳಿದ:

“ಕಂಪನಿಯವ್ರು ಒಂದ ಕೊಟ್ಟಿರ್ತಾರ್ರಿ ಸಾಹೇಬ್ರ. ಇಲ್ಲಿ ಎರಡ ಅದಾವ.”

ಇಲ್ಲಿ ಒಂದು ವಿಷಯ ಹೇಳಬೇಕು. ಇಷ್ಟು ಹೊತ್ತು ಹೇಳದೆ ಇದ್ದದ್ದಕ್ಕೆ ಓದುಗರು ಕ್ಷಮಿಸಬೇಕು. ಲಾರಿಗಳ ಹಿಂದೆ ಆಕ್ಸಲಿನ ನಡುವೆ ಗಡಿಗೆಯಂಥ ಗುಂಡು ಇರುತ್ತದಲ್ಲ, ಅದರ ಮೇಲೆ ದೃಷ್ಟಿಯಾಗದಿರಲಿ ಎಂದು ರಾಕ್ಷಸನ ಮುಖ ಬರೆಯುವುದು ನಮ್ಮ ಕಡೆ ಪದ್ಧತಿ. ಯುಗಾದಿಗೆ ಗಾಡಿಯನ್ನು ಆರ್‌ಟಿಓದವರ ಪಾಸಿಂಗಿಗೆ ಒಯ್ಯುವ ಮುಂಚೆ ಎಲ್ಲ ಬಣ್ಣ ಹೊಸದು ಮಾಡಿಸಿದಾಗ, ಆ ಮುಖವನ್ನು ಮಾತ್ರ ನಾನೇ ಬರೆಯುತ್ತೇನೆಂದು ಹಟ ಹಿಡಿದಿದ್ದೆ. ದಪ್ಪ ಮೀಸೆ, ಕೆಂಪು ನಾಲಿಗೆ, ಎಲ್ಲ ಚೆನ್ನಾಗಿ ಬಂತು. ಆದರೆ ಹಣೆಯ ಬಲಭಾಗದಲ್ಲಿ ಒಂದು ಗುಬುಟು ಎದ್ದಿತ್ತು. ಅದನ್ನು ಕೊಂಬು ಮಾಡಿದೆ. ಒಂದೇ ಕೊಂಬಿನ ರಾಕ್ಷಸನನ್ನು ಯಾವ ಇನ್‌ಸ್ಪೆಕ್ಟರ್ ತಾನೇ ಪಾಸು ಮಾಡಿಯಾನು? ಪೇಂಟರುಗಳು ತಗ್ಗು ಮುಚ್ಚುವ ಪುಟ್ಟಿ ಕಲಸಿ ಎಡಕ್ಕೂ ಒಂದು ಕೊಂಬು ಎಬ್ಬಿಸಿದೆ. ಎರಡೂ ಸಮವಾಗಿ ಕಾಣಲೆಂದು ಬಲಗಡೆಯದಕ್ಕೂ ದಪ್ಪಗೆ ಪುಟ್ಟಿ ಮೆತ್ತಿ, ಮೇಲೆ ಎರಡು ಕೋಟು ಬಣ್ಣ ಹೊಡೆದೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪರರ ತಟ್ಟೆಯ ನೊಣ ತೋರಿಸಿದರು ಎನ್ನುತ್ತಾರೆ. ಈ ಹೆಗ್ಗಣಕ್ಕೆ ನಾನು ಬಣ್ಣವನ್ನೂ ಬಳಿದಿದ್ದೆ.

ಖಾಜಾಸಾಬ್ ಉಳಿಯಿಟ್ಟು ಎಡಗಡೆಯ ಕೊಂಬಿಗೆ ಒಂದೇಟು ಕೊಟ್ಟ. ಉದುರಿತು, ಕೆಳಗೆ ಏನೂ ಇಲ್ಲ. ಬಲಗಡೆಯದನ್ನು ಕೆರೆದ, ಟೊಪ್ಪಿಗೆ ಸಿಕ್ಕಿತು, ತೂತಿನ ತುಂಬ ನನ್ನ ಪುಟ್ಟಿ. ಶರಣಪ್ಪ ಪಕ್ಕದಲ್ಲೇ ನಿಂತಿದ್ದ. ಅವರಿಬ್ಬರೂ ಸೇರಿ ತೂತನ್ನು ತಂತಿಯಿಂದ ಬಿಡಿಸಿ, ಡೀಸೆಲ್ಲಿನಲ್ಲಿ ತೊಳೆದು, ಊದಿ ನೋಡಿ ಕೂರಿಸಿದರು. ಎಣ್ಣೆ ಕುಡಿದ ಲೈನರುಗಳನ್ನು ಬದಲಿಸಿ, ಮೂರನೆಯ ಜೋಡಿ ಸೀಲು ಹಾಕಿದರು. ಈ ಸಲ ನಾನು ಸ್ಟೂಲು ಕೇಳಲಿಲ್ಲ.

ಪಾಲಖಿಗೆ ನಾಲ್ಕು ದಿನ ಇರುವಾಗ ಸಾಸವಡದಲ್ಲಿ ಲಾರಿಗೆ ತುಂಬು ಲೋಡು ಹಾಕಿ ಹೊರಟೆವು. ಕ್ಯಾಬಿನ್ನಿನಲ್ಲಿ ಶರಣಪ್ಪ, ನಡುವೆ ಬುವಾ, ಬಾಗಿಲ ಕಡೆ ನಾನು. ಬುವಾ ಅಭಂಗ ಗುನುಗುತ್ತ ಕೂತಿದ್ದರು. ನಾನು ದಿವೇ ಘಾಟಿನ ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಕಾಲಿಂದ ಒತ್ತುತ್ತ ಕೂತಿದ್ದೆ. ಆದರೆ ಗಾಡಿ ಈ ಸಲ ವಿಚಾರ ಮಾಡಲಿಲ್ಲ. ಒತ್ತಿದಲ್ಲಿ ನಿಂತಿತು, ಬಿಟ್ಟಲ್ಲಿ ಹೊರಟಿತು. ಘಾಟಿನ ಬುಡದ ಚಹಾದಂಗಡಿಯ ಮುಂದೆ ಇಳಿದವನೇ ಪಂಚೆ ಎತ್ತಿ ಕಟ್ಟಿ ಚಕ್ರಗಳ ಒಳಗೆ ಕೈ ಹಾಕಿದೆ. ಎಡಗಡೆ ಒಣ ಧೂಳು, ಬಲಗಡೆಯೂ ಒಣ ಧೂಳು. ಧೂಳನ್ನು ಕಂಡು ನನಗೆ ಅಷ್ಟು ಆನಂದ ಹಿಂದೆಂದೂ ಆಗಿರಲಿಲ್ಲ. ಅದೇ ಕೈಯಿಂದ ಮೊದಲ ಚಹಾದ ಗ್ಲಾಸನ್ನು ಶರಣಪ್ಪನಿಗೆ ಕೊಟ್ಟು, ನಿನ್ನನ್ನು ಬೈದದ್ದು ನನ್ನ ತಪ್ಪು ಎಂದೆ. ಅವನು ಗ್ಲಾಸು ತೆಗೆದುಕೊಂಡ, ಹೌದೆಂದು ತಲೆಯಾಡಿಸಿದ.

ದಿಂಡಿಗೆ ಇದೇ ಗಾಡಿ ಎಂದರು ಬುವಾ. ಅಷ್ಟಕ್ಕೆ ಸುಮ್ಮನಿರದೆ ನಾನು ಅವರಿಗೆ ಮರಾಠಿಯಲ್ಲಿ ಪೂರ್ತಿ ಕಥೆ ಹೇಳಿದೆ: ಪೇಪರು ಹಾಸಿದ್ದು, ಕಲೆ ಅಳೆದದ್ದು, ಆಕ್ಸಲಿನ ಉಸಿರು ಬಿಡಿಸಿದ್ದು. ಚಹಾದಂಗಡಿಯವನೂ ಒಲೆ ಸಣ್ಣ ಮಾಡಿ ಕೇಳಿದ. ಬುವಾ ತಲೆದೂಗಿ, ಅಂಥ ಜಾಗಕ್ಕೆ ಪುಟ್ಟಿ ಮೆತ್ತಿದ ಬುದ್ಧಿವಂತ ಯಾರು ಎಂದು ಕೇಳಿದರು. ಯಾರೋ ಒಬ್ಬ ಪೇಂಟರ್, ಹೆಸರು ನೆನಪಿಲ್ಲ ಎಂದುಬಿಟ್ಟೆ. ಪತ್ತೆ ಮಾಡಿ ಹೇಳಿ, ನಮ್ಮ ಕಡೆ ಯಾರೂ ಅವನನ್ನು ಗಾಡಿಯ ಹತ್ತಿರ ಬಿಟ್ಟುಕೊಳ್ಳಬಾರದು ಎಂದರು ಬುವಾ. ಆಗ ಶರಣಪ್ಪ ಗ್ಲಾಸು ಕೆಳಗಿಟ್ಟು, ನನ್ನನ್ನು ನೋಡದೆ, ಕನ್ನಡದಲ್ಲಿ ಹೇಳಿದ:

“ಅಡ್ರೆಸ್ ನನಗ ಗೊತ್ತದರಿ. ನಮ್ಮ ಅಕ್ಕನ ಕೈಯಾಗ ಊಟ ಮಾಡ್ತಾರ.”

ಬುವಾ ಅವರಿಗೆ ಕನ್ನಡ ಬಾರದು. ಏನಂದ ಎಂದು ನನ್ನನ್ನೇ ಕೇಳಿದರು. ಆ ಪೇಂಟರ್ ಊರು ಬಿಟ್ಟು ಹೋದನಂತೆ ಎಂದು ನಾನು ಒಳ್ಳೆಯ ಮರಾಠಿಯಲ್ಲಿ ಅನುವಾದ ಮಾಡಿ ಹೇಳಿದೆ.