ಬಿದರಿ ಹೂವಿನ ಡೋರ್ ಚೆಕ್

ಟಕ್. ಟಕ್.

ನಮ್ಮ ಹಳೆಯ ಬಿಳಿ ಕಾರಿನ ಎಡಬಾಗಿಲು ತೆರೆಯುವಾಗ ಹೀಗೆ ಎರಡು ಸಲ ಸದ್ದು ಮಾಡುತ್ತಿತ್ತು. ಮೊದಲ ಟಕ್‌ಗೆ ಬಾಗಿಲು ಅರ್ಧಕ್ಕೆ ನಿಲ್ಲುತ್ತಿತ್ತು, ಎರಡನೆಯದಕ್ಕೆ ಪೂರ್ತಿ. ಎರಡನೆಯ ಟಕ್ ಕೇಳಿದ ಮೇಲೆಯೇ ನಮ್ಮ ಎಸ್ತೇರಕ್ಕ ಬಾಗಿಲ ಮೇಲೆ ಕೈಯೂರಿ, ಮೈಭಾರವನ್ನೆಲ್ಲ ಅದಕ್ಕೆ ಕೊಟ್ಟು, ಒಂದೊಂದೇ ಕಾಲನ್ನು ಒಳಗಿಡುತ್ತಿದ್ದಳು. ಎಂಬತ್ತೆರಡು ವರ್ಷದ ಆ ಮೊಣಕಾಲುಗಳು ಬೇರೆ ಯಾವ ಆಸರೆಯನ್ನೂ ನಂಬುತ್ತಿರಲಿಲ್ಲ. ನನ್ನ ಕೈ ಹಿಡಿ ಎಂದರೆ, ನಿನಗಿಂತ ಬಾಗಿಲೇ ಗಟ್ಟಿ ಎನ್ನುತ್ತಿದ್ದಳು. ಒಡಹುಟ್ಟಿದವರ ಪ್ರೀತಿ!

ಬಾಗಿಲನ್ನು ಹೀಗೆ ತಡೆದು ನಿಲ್ಲಿಸುವ ಸಾಮಾನಿಗೆ ಡೋರ್ ಚೆಕ್ ಎನ್ನುತ್ತಾರೆ. ಅದನ್ನು ಕಾರಿನ ಮೈಗೆ ಕಚ್ಚಿಸುವುದು ಒಂದು ಬ್ರಾಕೆಟ್, ಮುಷ್ಟಿಯಲ್ಲಿ ಮುಚ್ಚಿಕೊಳ್ಳುವಷ್ಟು ಕಬ್ಬಿಣ. ಒಂದು ಗುರುವಾರ ನಾನು ತರಕಾರಿ ಚೀಲ ಇಳಿಸುತ್ತಿದ್ದಾಗ ಜೋರಾಗಿ ಬೀಸಿದ ಗಾಳಿ ಬಾಗಿಲನ್ನು ಎಳೆಯಿತು. ಬ್ರಾಕೆಟ್ ಎರಡು ತುಂಡು.

ಆ ಭಾನುವಾರ ಬೀದರಿನ ನಮ್ಮ ಚರ್ಚಿನಲ್ಲಿ ಸುಗ್ಗಿ ಹಬ್ಬ. ಅಕ್ಕ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಷ್ಟು ಕಾಲವೂ ಆ ಹಬ್ಬ ತಪ್ಪಿಸಿದವಳಲ್ಲ. ನಿವೃತ್ತಿಯ ಮೇಲೆ ಎಕಂಬಾದ ಹೊಲದ ಮನೆ ಸೇರಿದಳು, ಈಚಿನ ವರ್ಷಗಳಲ್ಲಿ ಮೊಣಕಾಲು ಹಿಡಿಯಿತು, ನಾಲ್ಕು ಹಬ್ಬ ತಪ್ಪಿದವು. ಈ ಸಲ ಬಂದೇ ಬರುತ್ತೇನೆ, ಕಿಟಕಿ ಪಕ್ಕದ ನನ್ನ ಬೆಂಚಿನಲ್ಲಿ ಒಂದು ಸಲ ಕೂರಬೇಕು ಎಂದು ದಿನಕ್ಕೆರಡು ಫೋನು. ಕರೆತರುತ್ತೇನೆಂದು ನಾನು ಪ್ರಾಮಿಸ್ ಮಾಡಿದ್ದೆ.

ಗ್ಯಾರೇಜಿನವನು, ಈ ಮಾಡೆಲ್ಲಿನ ಸಾಮಾನು ಹೈದರಾಬಾದಿನಿಂದ ಬರಬೇಕು, ಮಂಗಳವಾರದ ಮಾತು ಎಂದ. ನಮ್ಮವರು ಭಾಲ್ಕಿಯವರು, ಅವರಿಗೆ ಯಾವುದೂ ಕಷ್ಟವಲ್ಲ. ಪೇಪರಿನಿಂದ ತಲೆ ಎತ್ತದೆ, "ತಮ್ಮನ ಜೀಪ್ ತರಿಸ್ತೇನಿ. ಅಕ್ಕಗ ಅದರಾಗ ಆರಾಮ ಆಗ್ತದ" ಎಂದರು.

ಎಷ್ಟು ಸರಳವಾದ ಮಾತು! ಆದರೆ ಹಿಂದೊಮ್ಮೆ ಜೀಪು ಕೊಟ್ಟಿದ್ದ ನನ್ನ ಮೈದುನ, ಆ ಉಪಕಾರವನ್ನು ಮೂರು ಮದುವೆ, ಒಂದು ಬ್ಯಾಪ್ಟಿಸಮ್ಮಿನಲ್ಲಿ ಸಾರಿದ್ದ. ಕಾನ್ವೆಂಟಿನಲ್ಲಿ ಸೆಲ್ಫ್ ರೆಸ್ಪೆಕ್ಟ್ ಕಲಿತ ನಾನು ಮತ್ತೆ ಅವನೆದುರು ಕೈಯೊಡ್ಡುವುದೇ? ಇಂಪಾಸಿಬಲ್. ಮೂವತ್ತೆರಡು ವರ್ಷ ಮಕ್ಕಳಿಗೆ ಇಂಗ್ಲಿಷ್ ವಾಕ್ಯ ಕೂಡಿಸಲು ಕಲಿಸಿದವಳಿಗೆ ಎರಡು ತುಂಡು ಕಬ್ಬಿಣ ಕೂಡಿಸಲು ಬಾರದೇ?

ಶುಕ್ರವಾರ ಬೆಳಿಗ್ಗೆ ಕನ್ನಡಕ ಏರಿಸಿ, ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ, ರಿಪೇರಿಯ ವಿಡಿಯೋ ಹಚ್ಚಿದೆ. ಅದರಲ್ಲಿನ ಮನುಷ್ಯ ಅಪ್ಪಟ ಇಂಗ್ಲಿಷಿನಲ್ಲಿ ಇಟ್ ಈಸ್ ವೆರಿ ಈಜಿ ಎಂದ. ಅಪ್ಪಟ ಇಂಗ್ಲಿಷಿನಲ್ಲಿ ಸುಳ್ಳು ಹೇಳುವವರು ಇರುತ್ತಾರೆಂದು ಕಾನ್ವೆಂಟಿನಲ್ಲಿ ನಮಗೆ ಯಾರೂ ಹೇಳಿರಲಿಲ್ಲ! ಅವನು ಎರಡು ನಿಮಿಷದಲ್ಲಿ ಬಿಚ್ಚಿದ್ದನ್ನು ನಾನು ಎರಡು ತಾಸಿನಲ್ಲಿ ಬಿಚ್ಚಿದೆ. ಬಾಗಿಲಿನ ಒಳಹೊದಿಕೆಯನ್ನು ತೆಂಗಿನಕಾಯಿ ಹೆರೆಯುವ ಮಣೆಯ ತುದಿಯಿಂದ ಎಬ್ಬಿಸಿದೆ. ಅದು ಬಿಚ್ಚಬೇಕಾದ ಭಾಗವೇ ಅಲ್ಲವೆಂದು ಆಮೇಲೆ ತಿಳಿಯಿತು. ಒಂದು ಬೋಲ್ಟು ಬಾಗಿಲಿನ ಹೊಟ್ಟೆಯೊಳಗೆ ಬಿತ್ತು. ತೆಗೆಯಲು ಕೈ ಹಾಕಿದೆ. ಬಳೆ ಸಿಕ್ಕಿಕೊಂಡಿತು. ನಮ್ಮವರು ಬಂದು ಸಾಬೂನಿನ ನೀರು ಹಾಕಿ ನನ್ನನ್ನು ಬಿಡಿಸಿದರು. ಕೈ ಒರೆಸಿಕೊಂಡು ಮತ್ತೆ ಪೇಪರು ಹಿಡಿದು ಕೂತರು. ಅದೇ ಹೆಚ್ಚು ಚುಚ್ಚಿತು.

ಬಿಚ್ಚಿದ ತುಂಡುಗಳನ್ನು ಜೋಡಿಸಿ ನೋಡುತ್ತಿರುವಾಗ ಪಕ್ಕದ ಮನೆಯಿಂದ ಸಣ್ಣ ಸುತ್ತಿಗೆಯ ಸದ್ದು ಕೇಳಿತು. ಜಲೀಲ್‌ಭಾಯಿ! ಅಜ್ಜನ ಕಾಲದಿಂದ ಬಿದರಿ ಕೆಲಸದ ಮನೆತನ. ಮರಳಿನ ಅಚ್ಚಿನಲ್ಲಿ ಯಾವ ಆಕಾರ ಒತ್ತಿದರೂ ಅದೇ ಆಕಾರವನ್ನು ಎರಕ ಹೊಯ್ದು ಕೊಡುವ ಮನುಷ್ಯ ಗೋಡೆಯಾಚೆ ಕೂತಿರುವಾಗ ಹೈದರಾಬಾದ್ ಯಾಕೆ?

ಜಲೀಲ್‌ಭಾಯಿ ತುಂಡುಗಳನ್ನು ತಿರುವಿ ಮುರುವಿ ನೋಡಿದರು. "ಟೀಚರ್ ಬಾಯಿ, ನಮ್ದು ಜಸ್ತದ ಕೆಲಸರಿ. ಶೋಕೇಸ್‌ನಾಗ ಕುಂಡ್ರೋ ಮಾಲು. ಜೋರ್ ಬಿದ್ರ ಮುರೀತದ."

ಅವರು ಜಸ್ತ ಎಂದದ್ದು ಸತುವಿಗೆ. ನಾನು ಬಿಡಲಿಲ್ಲ. "ಸುಲ್ತಾನರ ಕಾಲದ ಬಿದರಿ ಹುಕ್ಕಾ ಇನ್ನೂ ಮ್ಯೂಸಿಯಂನಾಗ ಕೂತಿಲ್ಲೇನ್ರಿ, ಜಲೀಲ್‌ಭಾಯಿ?"

"ಕೂತಾವರಿ. ಅದಕ್ಕೇ ಉಳದಾವ."

ಇಷ್ಟು ಚೊಕ್ಕ ಉತ್ತರ ಕೊಟ್ಟವರ ಮಾತು ಕೇಳಬೇಕಿತ್ತು. ಆದರೆ ಅವರ ಮಗಳಿಗೆ ಇಂಗ್ಲಿಷ್ ಕಲಿಸಿದವಳು ನಾನು. ಆ ದಾಕ್ಷಿಣ್ಯಕ್ಕೆ ಅವರು ಕುಲುಮೆ ಹೊತ್ತಿಸಿದರು. ಶನಿವಾರ ಮಧ್ಯಾಹ್ನ ಬ್ರಾಕೆಟ್ ಬಂತು. ಬೀದರ ಕೋಟೆಯ ಮಣ್ಣಿನ ನೀರಿನಲ್ಲಿ ಅದ್ದಿ ಕಡುಗಪ್ಪಾಗಿಸಿದ ಮೈ, ಅದರ ಮೇಲೆ ಬೆಳ್ಳಿ ತಂತಿಯ ಐದೆಸಳಿನ ಹೂವು. ಹೂವಿಲ್ಲದ ಬರಿಮೈಯ ಮಾಲನ್ನು ಆ ಮನೆತನ ಎಂದೂ ಹೊರಗೆ ಕಳಿಸಿಲ್ಲವಂತೆ! ಕೂರಿಸಿ ಬಾಗಿಲು ಎಳೆದೆ. ಟಕ್. ಟಕ್. ನಮ್ಮವರನ್ನು ಹೊರಗೆ ಕರೆದು ಏಳು ಸಲ ತೆರೆದು ತೋರಿಸಿದೆ. "ಅಕ್ಕನ ಭಾರ ಹಾಕಿ ನೋಡೀಯೇನು?" ಎಂದು ಕೇಳಿದರು. ನಿಮಗೆ ಹೊಟ್ಟೆಕಿಚ್ಚು ಎಂದೆ.

ಭಾನುವಾರ ನಸುಕಿನಲ್ಲೇ ಹೊರಟೆವು. ಔರಾದ ದಾಟಿ ಎಕಂಬಾ ಸೇರಿದಾಗ ಅಕ್ಕ ಬಿಳಿ ಸೀರೆಯುಟ್ಟು, ಎದೆಗೆ ಬ್ರೂಚ್ ಚುಚ್ಚಿಕೊಂಡು, ಊರುಗೋಲನ್ನೂ ಕಾಣಿಕೆಯ ತೊಗರಿ ಚೀಲವನ್ನೂ ಕಾಲ ಬಳಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ನಾಲ್ಕು ಗಂಟೆಗೇ ಸ್ನಾನ ಮಾಡಿ ಹೀಗೆ ಕೂತಿದ್ದಾಳೆ, ಚಹಾ ಸಹ ಕುಡಿದಿಲ್ಲ ಎಂದು ಅವಳ ಸೊಸೆ ಹೇಳಿದಳು. ನಾನು ದೊಡ್ಡ ಸಾಹೇಬರ ಡ್ರೈವರಿನ ಹಾಗೆ ಬಾಗಿಲು ತೆರೆದು ನಿಂತೆ. ಟಕ್. ಟಕ್. ಅಕ್ಕ ನಂಬಿಕೆಯಿಂದ ಕೈಯೂರಿದಳು, ಭಾರ ಕೊಟ್ಟಳು, ಒಂದು ಕಾಲು ಎತ್ತಿದಳು.

ಮೂರನೆಯ ಟಕ್ ಕೇಳಿತು.

ಬಾಗಿಲು ಹಿಂದಕ್ಕೆ ಹಾರಿತು. ಅದರ ಹಿಂದೆ ಅಕ್ಕನೂ ವಾಲಿದಳು. ನಮ್ಮವರೂ ನಾನೂ ಸೇರಿ ಹಿಡಿದದ್ದರಿಂದ ಬೀಳಲಿಲ್ಲ, ಪ್ರಾರ್ಥನೆಗೆ ಕೂತವಳಂತೆ ನಿಧಾನವಾಗಿ ಮಣ್ಣಿನ ಮೇಲೆ ಇಳಿದಳು. ಗಾಯವೇನೂ ಇಲ್ಲ. ಆದರೆ ಬಿಳಿ ಸೀರೆ! ಪಕ್ಕದಲ್ಲೇ ಬಿದ್ದಿದ್ದ ಬೆಳ್ಳಿ ಹೂವಿನ ತುಂಡನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದಳು.

"ಇದು ಏನ ಗ್ರೇಸಿ?"

"ಬ್ರಾಕೆಟ್ ಅಕ್ಕ. ನಾನೇ ಮಾಡಿಸೀನಿ."

"ಛಲೋ ಅದ. ಕಿವಿಗಿ ಹಾಕೋಬಹುದಿತ್ತು."

ಎಲ್ಲರೂ ನಕ್ಕರು. ಎಬ್ಬಿಸಿದೆವು, ಸೀರೆ ಕೊಡವಿದೆವು. ನಮ್ಮವರು ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಕಂಬದ ಹಾಗೆ ನಿಂತರು. ಅಕ್ಕ ಕೈಯೂರಿದಳು, ಕಾಲು ಏಳಲಿಲ್ಲ. ಮತ್ತೊಮ್ಮೆ. ಆಗಲೂ ಇಲ್ಲ. ಊರಿನ ಒಂದೇ ಜೀಪು ಬೆಳಿಗ್ಗೆಯೇ ಮದುವೆಗೆ ಹೋಗಿತ್ತು. ಭಾಲ್ಕಿಯ ಜೀಪು ಭಾಲ್ಕಿಯಲ್ಲೇ ಸುಮ್ಮನೆ ನಿಂತಿತ್ತು.

"ಬ್ಯಾಡ ತಂಗಿ. ಕಾಲು ಹೆದರ್ಯಾವ" ಎಂದಳು ಅಕ್ಕ. "ನೀವು ಹೋಗ್ರಿ. ತೊಗರಿ ಮಾತ್ರ ನನ್ನ ಹೆಸರೀಲೆ ಇಡು."

ಮುಂದಿನ ಭಾನುವಾರ ಜೀಪು ತಂದೇ ತರುತ್ತೇನೆ, ಹಬ್ಬವಿಲ್ಲದಿದ್ದರೂ ನಿನ್ನ ಬೆಂಚು ಅಲ್ಲೇ ಇರುತ್ತದೆ ಎಂದು ಹೇಳಿದೆ. ಹೂಂ ಎಂದಳು. ತೊಗರಿ ಚೀಲ ಅವಳ ಸೀಟಿನಲ್ಲಿ ಕೂತು, ಬೆಲ್ಟು ಕಟ್ಟಿಕೊಂಡು ಬೀದರಿಗೆ ಬಂತು.

ಆ ಭಾನುವಾರ ಬರಲು ಮೂರು ದಿನ ಇರುವಾಗ ಅಕ್ಕ ನಿದ್ದೆಯಲ್ಲೇ ಹೋದಳು. ಹೃದಯ ನಿಂತದ್ದು, ಅವತ್ತು ಕುಸಿದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರ್ ಮೂರು ಸಲ ಹೇಳಿದರು. ನಾನು ನಾಲ್ಕು ಸಲ ಕೇಳಿದೆ. ಮೈದುನನಿಗೆ ನಾನೇ ಫೋನು ಮಾಡಿದೆ. ನಾನು ಕೇಳುವ ಮೊದಲೇ ಅವನು ಜೀಪು ಕಳಿಸಿದ. ಆ ಉಪಕಾರವನ್ನು ಅವನು ಇವತ್ತಿನವರೆಗೆ ಎಲ್ಲಿಯೂ ಹೇಳಿಲ್ಲ.

ನಾನು ಅಕ್ಕನನ್ನು ಜೀವಂತವಾಗಿ ಕಡೆಯ ಸಲ ನೋಡಿದ್ದು ಆ ಹಬ್ಬದ ಬೆಳಿಗ್ಗೆ, ಕಾರಿನ ಕನ್ನಡಿಯಲ್ಲಿ. ಕಟ್ಟೆಯಿಂದ ಎದ್ದು, ಗೋಡೆಗೆ ಒರಗಿ, ಎರಡೂ ಕೈ ಎತ್ತಿ ಬೀಸುತ್ತಿದ್ದಳು. ಆಮೇಲೆ ಊರುಗೋಲನ್ನೂ ಬೀಸಿದಳು. ಏನೋ ಕೂಗುತ್ತಲೂ ಇದ್ದಳು. ಇಷ್ಟೆಲ್ಲ ಆದ ಮೇಲೂ ಎಷ್ಟು ಪ್ರೀತಿ ಎಂದು ನನ್ನ ಕಣ್ಣು ತುಂಬಿತು. ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಕಿಟಕಿಯಿಂದ ಇನ್ನೊಂದು ಕೈ ಹಾಕಿ ನಾನೂ ಬೀಸಿದೆ, ತಿರುವಿನವರೆಗೂ ಬೀಸಿದೆ. ಕಾರು ಮಾತ್ರ ದುಃಖದಿಂದಲೋ ಎಂಬಂತೆ ಮುಂದೆ ಹೋಗಲೊಲ್ಲದೆ ಮುಕ್ಕರಿಯುತ್ತಿತ್ತು. ಸುಟ್ಟ ವಾಸನೆ ಬಂದು ನಮ್ಮವರು ಹಿಂದಿನ ಸೀಟಿನಿಂದ ಬಾಗಿ ನನ್ನ ಪಕ್ಕಕ್ಕೆ ಕೈ ಹಾಕಿ ನೋಡಿದಾಗ ಗೊತ್ತಾಯಿತು: ಹ್ಯಾಂಡ್ ಬ್ರೇಕ್ ತೆಗೆದೇ ಇರಲಿಲ್ಲ. ಹಿಂದಿನ ಚಕ್ರಗಳು ಅಕ್ಕನ ಅಂಗಳದಿಂದ ತಿರುವಿನವರೆಗೆ ಮಣ್ಣಿನಲ್ಲಿ ಗೆರೆ ಎಳೆದುಕೊಂಡು ಬಂದಿದ್ದವು. ಅದನ್ನೇ ನೋಡಿ ಅಕ್ಕ ಕೋಲು ಬೀಸುತ್ತಿದ್ದಳು, ನಿಲ್ಲಿಸು ಅಂತ. ನಾನು ನಿಲ್ಲಿಸಲಿಲ್ಲ. ಟಾಟಾ ಮಾಡಿದೆ.